ತೋಡಿನಲ್ಲಿ ಮುಳುಗಿದ ಕೊಂಬೆಯ ಶಿಲೀಂಧ್ರ: ಹೊಸ ಪ್ರಭೇದ ಎನ್ನುವ ಮೊದಲು

ಕೊಡಗಿನ ಯಾವುದೇ ತೋಡಿನಿಂದ (ಸಣ್ಣ ಹಳ್ಳದಿಂದ) ಕೊಳೆತ ಕೊಂಬೆಯೊಂದನ್ನು ಎತ್ತಿದರೆ ಬರಿಗಣ್ಣಿಗೆ ಕಾಣುವುದು ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕಿಗಳಷ್ಟೇ. ಶಿಲೀಂಧ್ರ ತನ್ನ ಬೀಜಕಗಳನ್ನು (ಬೀಜದಂಥ ಸೂಕ್ಷ್ಮ ಕಣಗಳನ್ನು) ಹುಟ್ಟಿಸುವುದು ಅಲ್ಲೇ. ಅದರಲ್ಲಿ ಹೊಸ ಪ್ರಭೇದ ಇದೆಯೇ ಎಂದು ತಿಳಿಯಲು ತಿಂಗಳುಗಳು ಬೇಕು. ಆದರೆ ಆ ಚುಕ್ಕಿಯನ್ನು ಒಂದು ಹನಿ ನೀರಿನಲ್ಲಿಟ್ಟು ನೋಡುವ ಮೊದಲ ಅರ್ಧ ಗಂಟೆ ಕೆಟ್ಟರೆ ಮುಂದಿನದೆಲ್ಲ ಕೆಟ್ಟಂತೆ.

ಕಟ್ಟಿಗೆ ಹೆಕ್ಕಲು ಮಳೆಗಾಲದ ನೆರೆ ಇಳಿದ ಮೇಲೆ, ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಅನುಕೂಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರು ತೋಡಿಗೆ ಸೇರುವ ಜಾಗ ಬೇಡ, ಅದಕ್ಕಿಂತ ಮೇಲೆ ಹೋಗಿ. ತೋಟದಲ್ಲಿ ಬೋರ್ಡೋ ದ್ರಾವಣದ ಸಿಂಪಡಣೆ ಆಗಿದ್ದರೆ ಅದನ್ನೂ ಬರೆದುಕೊಳ್ಳಿ, ಅದರಲ್ಲಿರುವ ತಾಮ್ರವು ಶಿಲೀಂಧ್ರವನ್ನು ಕೊಲ್ಲುತ್ತದೆ. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಅಭಯಾರಣ್ಯಗಳ ಒಳಗೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ದೇವರಕಾಡಿನ ತೋಡಾದರೆ ಊರಿನ ತಕ್ಕರನ್ನು (ಮುಖ್ಯಸ್ಥರನ್ನು) ಕೇಳದೆ ಒಂದು ಕಡ್ಡಿಯನ್ನೂ ಎತ್ತಬೇಡಿ.

ಸಿಪ್ಪೆ ಕಳಚಿ, ಉಗುರು ಒತ್ತಿದರೆ ಇಳಿಯುವಷ್ಟು ಮೆದುವಾದ, 1ರಿಂದ 3 ಸೆಂ.ಮೀ. ದಪ್ಪ, 15 ಸೆಂ.ಮೀ. ಉದ್ದದ ತುಂಡುಗಳು ಸಾಕು. ಒಂದು ಜಾಗದಿಂದ 25-30 ಆರಿಸಿ. ಮೊನ್ನೆ ಮೊನ್ನೆ ಬಿದ್ದ ಹಸಿ ಕೊಂಬೆಯಲ್ಲಿ ಸಿಗುವುದು ನೆಲದ ಶಿಲೀಂಧ್ರಗಳೇ. ಜಿಪ್ ಕವರಿನಲ್ಲಿ ಒದ್ದೆ ಟಿಶ್ಯೂ ಜೊತೆ ಹಾಕಿ, ಜಾಗ, ಎತ್ತರ, ನೀರಿನ ಉಷ್ಣತೆ, ಪಿಎಚ್ ಮತ್ತು ತಾರೀಕನ್ನು ಪೆನ್ಸಿಲ್‌ನಲ್ಲಿ ಬರೆದು ಒಳಗಿಡಿ. ಬಾಲ್‌ಪೆನ್ ಮಸಿ ಒದ್ದೆಯಲ್ಲಿ ಹರಡುತ್ತದೆ.

ಮನೆಗೆ ತಂದ ಮೇಲೆ ಕೆಸರು ಹೋಗುವಷ್ಟು ಮಾತ್ರ ತೊಳೆಯಿರಿ, ಬ್ರಷ್ ಬೇಡ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಹಾಸಿ, ತುಂಡುಗಳು ಒಂದಕ್ಕೊಂದು ತಾಗದಂತೆ ಜೋಡಿಸಿ 20-25 ಡಿಗ್ರಿಯಲ್ಲಿಡಿ. ಮೊದಲ ವಾರದಲ್ಲೇ ಒಮ್ಮೆ ನೋಡಿ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ. ಕೆಲವು ಜಾತಿಗಳು ತಡವಾಗಿಯೇ ಕಾಣಿಸಿಕೊಳ್ಳುತ್ತವೆ. ಟಿಶ್ಯೂ ಹಿಂಡಿದರೆ ನೀರು ಸುರಿಯುವಷ್ಟು ಒದ್ದೆ ಇದ್ದರೆ ಹಸಿರು ಬೂಷ್ಟು ಹಬ್ಬುತ್ತದೆ. ಕರಿಮೆಣಸಿನ ಬುಡಕ್ಕೆ ನಾವೇ ಹಾಕುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರ ಇಲ್ಲಿ ಬೇರೆಲ್ಲವನ್ನೂ ನುಂಗುತ್ತದೆ. ಮುಚ್ಚಳದ ಹನಿ ಒರೆಸಿ, ಹಸಿರಾದ ತುಂಡನ್ನು ಕೂಡಲೇ ಬೇರೆ ಡಬ್ಬಿಗೆ ಹಾಕಿ. ಬಿಳಿ ನುಸಿಗಳು ಹತ್ತಿದರೆ ಇನ್ನೂ ಕಷ್ಟ: ಅವು ಬೀಜಕಗಳನ್ನು ಹೊತ್ತು ಡಬ್ಬಿಯಿಂದ ಡಬ್ಬಿಗೆ ನಡೆಯುತ್ತವೆ.

ಈಗ ಆ ಅರ್ಧ ಗಂಟೆ. ಸ್ಟೀರಿಯೋ ಮೈಕ್ರೋಸ್ಕೋಪ್ ಕೆಳಗೆ ಒಂದೇ ಒಂದು ಚುಕ್ಕಿಯ ತಲೆಯನ್ನು ಬ್ಲೇಡ್ ಮೊನೆಯಿಂದ ಹಾರಿಸಿ, ಒಳಗಿನ ತಿರುಳನ್ನು ಸೂಜಿಯಿಂದ ತೆಗೆದು ಬರೀ ಶುದ್ಧ ನೀರಿನ ಹನಿಯಲ್ಲಿಡಿ. ಬಣ್ಣ ಹಾಕುವ ಆತುರ ಬೇಡ. ಕವರ್‌ಸ್ಲಿಪ್ ಇಟ್ಟ ಕ್ಷಣದಲ್ಲಿ ಬೀಜಕ ಬೋಳಾಗಿ ಕಾಣಬಹುದು. ಕೆಲವು ನಿಮಿಷ ಕಾದರೆ ಅದರ ಸುತ್ತ ಅಂಟು ಪೊರೆ ಹಿಗ್ಗುತ್ತದೆ. ಕೆಲವು ಜಾತಿಗಳಲ್ಲಿ ತುದಿಗೆ ಅಂಟಿಕೊಂಡಿದ್ದ ಟೋಪಿಯಂಥದ್ದು ಬಿಚ್ಚಿಕೊಂಡು ಉದ್ದ ಎಳೆಯಾಗುತ್ತದೆ. ಹರಿಯುವ ನೀರಿನಲ್ಲಿ ಕಟ್ಟಿಗೆಗೆ ಅಂಟಿಕೊಳ್ಳಲು ಬೀಜಕಕ್ಕೆ ಇರುವ ಉಪಾಯ ಇದೇ. ಸ್ಲೈಡಿಗೆ ಹಾಕುವ ಲ್ಯಾಕ್ಟೋಫಿನಾಲ್ ದ್ರವ ಮೊದಲೇ ಬಿದ್ದರೆ ಪೊರೆ ಮುದುಡಿ ಕಾಣದೇ ಹೋಗುತ್ತದೆ, ಆಗ ಹಳೆಯ ಜಾತಿಯೇ ಹೊಸದೆಂದು ಮೋಸ ಮಾಡುತ್ತದೆ. ಪೊರೆ ಅನುಮಾನವಿದ್ದರೆ ಅಂಚಿಗೆ ಇಂಡಿಯನ್ ಇಂಕ್ ಒಂದು ಹನಿ ಬಿಡಿ, ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ನೀರಿನಲ್ಲೇ ಕನಿಷ್ಠ 30 ಬೀಜಕ, 20 ಆಸ್ಕಸ್ (ಬೀಜಕಗಳಿರುವ ಚೀಲ) ಅಳೆದು ಫೋಟೋ ತೆಗೆದ ಮೇಲೆ ಬಣ್ಣ ಕೊಡುವ ಮೆಲ್ಜರ್ ದ್ರಾವಣ, ಕಾಟನ್ ಬ್ಲೂ ಬಳಸಿ.

ಕುಲ (ಹತ್ತಿರದ ಪ್ರಭೇದಗಳ ಗುಂಪು) ಹಿಡಿಯಲು ಕೆಲವು ಗುರುತುಗಳು: ಆಸ್ಕಸ್ ತುದಿಯಲ್ಲಿ ದೊಡ್ಡ ಉಂಗುರವಿದ್ದರೆ ಆನ್ಯುಲಟಾಸ್ಕಸ್ ಕಡೆ ನೋಡಿ. ಬೀಜಕದ ನಡುವಿನ ಎರಡು ಕೋಶ ಕಂದು, ತುದಿಯ ಎರಡು ಬಣ್ಣವಿಲ್ಲದವು ಎಂದರೆ ಸವೋರಿಯೆಲ್ಲಾ. ಬೀಜಕ ಬೆರಳು ಜೋಡಿಸಿದ ಅಂಗೈಯಂತಿದ್ದರೆ ಡಿಕ್ಟಿಯೋಸ್ಪೋರಿಯಂ.

ಒಂಟಿ ಬೀಜಕದಿಂದ ಕಲ್ಚರ್ ಮಾಡಲು (ಶಿಲೀಂಧ್ರವನ್ನು ತಟ್ಟೆಯಲ್ಲಿ ಬೆಳೆಸಲು) 1 ಲೀಟರ್ ನೀರಿಗೆ 20 ಗ್ರಾಂ ಅಗರ್ (ನೀರನ್ನು ಹೆಪ್ಪುಗಟ್ಟಿಸುವ ಪುಡಿ) ಹಾಕಿ 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕಾಯಿಸಿ). 50 ಡಿಗ್ರಿಗೆ ಇಳಿದ ಮೇಲೆ ಸ್ಟ್ರೆಪ್ಟೋಮೈಸಿನ್, ಪೆನಿಸಿಲಿನ್ ತಲಾ 250 ಮಿ.ಗ್ರಾಂ. ಸೇರಿಸಿ, ಬಿಸಿಯಲ್ಲಿ ಹಾಕಿದರೆ ಔಷಧಿಯ ಬಲ ಹೋಗುತ್ತದೆ. ಬೀಜಕ ಹರಡಿ 12-24 ಗಂಟೆ ಬಿಟ್ಟು ನೋಡಿ. ಮೊಳಕೆ ನಿಮ್ಮದೇ ಬೀಜಕದಿಂದ ಬಂದಿದೆಯೇ ಎಂದು ಖಚಿತಪಡಿಸಿಕೊಂಡು ಆಮೇಲೆ ಅಗರ್ ಸಮೇತ ಕತ್ತರಿಸಿ ಎತ್ತಿ.

ಕಲ್ಚರ್‌ನಿಂದ ಐಟಿಎಸ್, ಎಲ್‌ಎಸ್‌ಯು, ಟೆಫ್1 ಮತ್ತು ಆರ್‌ಪಿಬಿ2 ಎಂಬ ಡಿಎನ್‌ಎ ಭಾಗಗಳ ಸೀಕ್ವೆನ್ಸ್ (ಅಕ್ಷರಕ್ರಮ) ಓದಿಸಿ. ಇಂಥ ಸೀಕ್ವೆನ್ಸ್‌ಗಳ ಸಾರ್ವಜನಿಕ ಸಂಗ್ರಹವಾದ ಜೆನ್‌ಬ್ಯಾಂಕ್‌ನಲ್ಲಿ ಹೊಂದಾಣಿಕೆ ಕಡಿಮೆ ಬಂದಿತು ಎಂದು ಹಿಗ್ಗಬೇಡಿ. ಹಳೆಯ ಎಷ್ಟೋ ಪ್ರಭೇದಗಳ ಸೀಕ್ವೆನ್ಸ್ ಅಲ್ಲಿ ಇಲ್ಲವೇ ಇಲ್ಲ, ಇರುವುದರಲ್ಲೂ ಹೆಸರು ತಪ್ಪಿದವು ಇವೆ. ಆ ಕುಲದ ಪ್ರತಿಯೊಂದು ಪ್ರಭೇದದ ಮೂಲ ವಿವರಣೆಯನ್ನು ಮುಂದಿಟ್ಟುಕೊಂಡು ಅಳತೆ, ಪೊರೆ, ಕೋಶಗಳ ಸಂಖ್ಯೆ ಹೋಲಿಸಲೇಬೇಕು.

ಹೊಸದೆಂದು ನಿಂತರೆ ಹೋಲೋಟೈಪ್ (ಹೆಸರಿಗೆ ಆಧಾರವಾಗುವ ಮೂಲ ಮಾದರಿ) ಒಣಗಿಸಿದ ಕಟ್ಟಿಗೆಯ ತುಂಡೇ ಆಗಬಹುದು, ಜೀವಂತ ಕಲ್ಚರ್ ಆಗದು. 2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ಮಾದರಿಯನ್ನು ಗೊತ್ತುಪಡಿಸಿದ ಭಂಡಾರಕ್ಕೆ ಕೊಡಬೇಕು. ಪುಣೆಯ ಅಗರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ಶಿಲೀಂಧ್ರಗಳ ಹರ್ಬೇರಿಯಂ (ಒಣ ಮಾದರಿಗಳ ಭಂಡಾರ), ಕಲ್ಚರ್ ಸಂಗ್ರಹ ಎರಡೂ ಇವೆ. ವಿವರಣೆ ಲ್ಯಾಟಿನ್ ಅಥವಾ ಇಂಗ್ಲಿಷ್‌ನಲ್ಲಿರಲಿ. ಶಿಲೀಂಧ್ರಗಳ ಹೊಸ ಹೆಸರುಗಳನ್ನು ದಾಖಲಿಸುವ ಮೈಕೋಬ್ಯಾಂಕ್‌ನಂಥ ನೋಂದಣಿಯ ಸಂಖ್ಯೆ 2013ರಿಂದ ಕಡ್ಡಾಯ. ಕೊಡಗಿನ ಹೆಸರಿಡುವ ಆಸೆಯಿದ್ದರೆ ಲ್ಯಾಟಿನ್ ವ್ಯಾಕರಣ ನೋಡಿ: ಆನ್ಯುಲಟಾಸ್ಕಸ್ ಪುಲ್ಲಿಂಗವಾದ್ದರಿಂದ 'ಕೊಡಗುಎನ್ಸಿಸ್', ಡಿಕ್ಟಿಯೋಸ್ಪೋರಿಯಂ ನಪುಂಸಕವಾದ್ದರಿಂದ 'ಕೊಡಗುಎನ್ಸೆ'.