ಗಾಡಿ ಎತ್ತರಿಸುವ ಮುಂಚೆ ತಳಕ್ಕೆ ಸುಣ್ಣ ಬಳಿಯಿರಿ

ಸಕಲೇಶಪುರದ ಕಡೆ ನಮ್ಮ ಮನೆಗೆ ಹೋಗಬೇಕು ಅಂದರೆ ಡಾಂಬರು ಬಿಟ್ಟ ಮೇಲೆ ಎರಡು ಕಿಲೋಮೀಟರ್ ಮಣ್ಣಿನ ದಾರಿ. ತೋಟದ ಟ್ರ್ಯಾಕ್ಟರ್, ಪಿಕಪ್ ಓಡಾಡಿ ಓಡಾಡಿ ಎರಡೂ ಬದಿ ಜಾಡು ಆಳಕ್ಕೆ ಇಳಿದಿದೆ, ನಡುವೆ ಹುಲ್ಲು ಬೆಳೆದ ದಿಬ್ಬ ಉಳಿದಿದೆ. ನಮ್ಮ ಸ್ವಿಫ್ಟ್‌ನ ಹೊಟ್ಟೆ ಕೆರೆಯುತ್ತಿದ್ದದ್ದು ಆ ದಿಬ್ಬವೇ. ಮಳೆಗಾಲದಲ್ಲಂತೂ ಜಾಡು ಇನ್ನೂ ಇಳಿಯುತ್ತದೆ, ಪ್ರತಿ ಸಲ ತಳದಿಂದ ಆ ಸದ್ದು ಕೇಳುವಾಗ ಹೊಟ್ಟೆಯಲ್ಲಿ ಸಂಕಟ.

ಇಂಥ ದಾರಿ ಇರುವ ಮನೆಗಳು ಮಲೆನಾಡಲ್ಲಿ ಸಾವಿರಾರು ಇವೆ. ಎಲ್ಲರೂ ಥಾರ್‌ನಂಥ ಜೀಪು ಕೊಳ್ಳೋಕೆ ಆಗಲ್ಲ, ಕೊಳ್ಳಬೇಕಾಗಿಯೂ ಇಲ್ಲ. ಮುಂದಿನ ಚಕ್ರ ಎಳೆಯುವ ಸಾಮಾನ್ಯ ಕಾರನ್ನೇ ಸ್ವಲ್ಪ ಎತ್ತರಿಸಿ, ಹದ ಮಾಡಿಕೊಂಡರೆ ತೋಟದ ದಾರಿ, ಕಲ್ಲು ಹಾಸಿದ ಏರು, ಸಣ್ಣ ಹಳ್ಳ ಇಷ್ಟನ್ನು ದಾಟಬಹುದು. ಆದರೆ ತಪ್ಪು ರೀತಿಯಲ್ಲಿ ಎತ್ತರಿಸಿದರೆ ಮೊದಲು ಹೋಗುತ್ತಿದ್ದ ಕಡೆಯೇ ಗಾಡಿ ಸಿಕ್ಕಿಕೊಳ್ಳುತ್ತದೆ. ಅದು ನನಗೇ ಆಗಿದೆ, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ಎಲ್ಲಿ ತಾಗುತ್ತಿದೆ ಅಂತ ಮೊದಲು ನೋಡಿ

ತಳವನ್ನು ಚೆನ್ನಾಗಿ ತೊಳೆದು ಒಣಗಿಸಿ. ಸಂಪ್ (ಎಂಜಿನ್ ಆಯಿಲ್ ತುಂಬಿರುವ ತಳದ ತಟ್ಟೆ) ಕೆಳಗೆ, ಸೈಲೆನ್ಸರ್ ಪೈಪ್ ಮೇಲೆ, ಮುಂದಿನ ಬಂಪರ್ ಅಂಚಿಗೆ, ಹಿಂದಿನ ಎರಡು ಚಕ್ರ ಸೇರಿಸುವ ಬೀಮ್‌ಗೆ, ಎರಡೂ ಬಾಗಿಲ ಕೆಳಗಿನ ಅಂಚಿಗೆ ಗಟ್ಟಿ ಸುಣ್ಣ ಬಳಿಯಿರಿ. ಮನೆಯವರನ್ನೆಲ್ಲ ಕೂರಿಸಿಕೊಂಡು, ಸಾಮಾನು ಹಾಕಿಕೊಂಡು, ಮಾಮೂಲಿ ದಾರಿಯಲ್ಲಿ ಒಮ್ಮೆ ಹೋಗಿ ಬನ್ನಿ. ಸುಣ್ಣ ಎಲ್ಲಿ ಕೆರೆದು ಹೋಗಿದೆಯೋ ಅಲ್ಲೇ ನಿಮ್ಮ ಸಮಸ್ಯೆ. ಬರೀ ಬಂಪರ್ ತುದಿ ತಾಗುತ್ತಿದ್ದರೆ ಸಸ್ಪೆನ್ಷನ್ (ಗಾಡಿಯನ್ನು ಚಕ್ರದ ಮೇಲೆ ಹೊತ್ತಿರುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್) ಮುಟ್ಟುವುದೇ ಬೇಡ, ಏರು ಹತ್ತುವಾಗ ಸ್ವಲ್ಪ ಓರೆಯಾಗಿ ಹತ್ತಿಸಿದರೆ ಸಾಕು. ಹೊಟ್ಟೆಯ ನಡುಭಾಗ ತಾಗುತ್ತಿದ್ದರೆ ಮಾತ್ರ ಮುಂದಕ್ಕೆ ಓದಿ.

ಸ್ವಿಫ್ಟ್‌ಗೆ ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ತಳದ ತನಕದ ಎತ್ತರ, 163 ಮಿಲಿಮೀಟರ್. ಅದು ಖಾಲಿ ಗಾಡಿಯ ಲೆಕ್ಕ. ಐದು ಜನ, ಅಕ್ಕಿ ಮೂಟೆ, ಬ್ಯಾಗು ಎಲ್ಲ ಸೇರಿದರೆ ಗಾಡಿ ಎಷ್ಟೋ ಕೆಳಗೆ ಕೂರುತ್ತದೆ. ಆದ್ದರಿಂದ ಟೇಪ್ ಹಿಡಿದು ಅಳೆಯಿರಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಹೆಚ್ಚು ಕಮ್ಮಿಯಾದರೆ ಅಳತೆ ಬದಲಾಗುತ್ತದೆ. ಚಕ್ರದ ನಡುಮಧ್ಯದಿಂದ ನೇರ ಮೇಲೆ ಫೆಂಡರ್ ಅಂಚಿನ ತನಕ ಅಳೆಯಿರಿ. ನಾಲ್ಕೂ ಕಡೆ, ಖಾಲಿ ಇದ್ದಾಗ ಒಮ್ಮೆ, ತುಂಬಿದಾಗ ಒಮ್ಮೆ, ಬರೆದಿಟ್ಟುಕೊಳ್ಳಿ.

ಎಡ ಬಲ ಅಳತೆಯಲ್ಲಿ ದೊಡ್ಡ ವ್ಯತ್ಯಾಸ ಬಂದರೆ, ಅಥವಾ ಗಾಡಿ ಲಕ್ಷ ಕಿಲೋಮೀಟರ್ ದಾಟಿದ್ದರೆ, ಸ್ಪ್ರಿಂಗ್ ಕುಸಿದಿರಬಹುದು. ಶಾಕ್‌ನಿಂದ ಎಣ್ಣೆ ಒಸರುತ್ತಿದೆಯಾ, ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್‌ನ ರಬ್ಬರ್ ಬುಷ್ ಹರಿದಿದೆಯಾ, ಲಿಂಕ್ ರಾಡ್ ಲಟಲಟ ಅನ್ನುತ್ತಿದೆಯಾ ನೋಡಿ. ಎಷ್ಟೋ ಗಾಡಿಗಳಿಗೆ ಹೊಸ ಸ್ಟಾಕ್ ಸ್ಪ್ರಿಂಗ್, ಹೊಸ ಶಾಕ್ ಹಾಕಿದರೆ ಕಳೆದುಹೋದ ಎತ್ತರ ಅಲ್ಲೇ ವಾಪಸ್ ಬರುತ್ತದೆ. ಸವೆದ ಸಾಮಾನಿನ ಮೇಲೆ ಲಿಫ್ಟ್ ಕಿಟ್ ಕೂರಿಸುವುದು ದುಡ್ಡು ದಂಡ.

ಎತ್ತರಕ್ಕಿಂತ ಚಕ್ರದ ಇಳಿತ ಮುಖ್ಯ

ಇದೊಂದು ವಿಷಯ ಅರ್ಥವಾದರೆ ಉಳಿದದ್ದೆಲ್ಲ ಸುಲಭ, ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಶಾಕ್ ಅಂದರೆ ಕೊಳವೆಯೊಳಗೆ ಒಳಗೆ ಹೊರಗೆ ಆಡುವ ಒಂದು ರಾಡ್. ಗಾಡಿ ಸುಮ್ನೆ ನಿಂತಾಗ ಆ ರಾಡ್ ಅರ್ಧ ಒಳಗೆ, ಅರ್ಧ ಹೊರಗೆ ಇರುತ್ತದೆ. ಕಲ್ಲು ಹತ್ತಿದರೆ ಒಳಗೆ ಹೋಗುತ್ತದೆ, ಗುಂಡಿಗೆ ಇಳಿದರೆ ಹೊರಗೆ ಬರುತ್ತದೆ. ಈಗ ಹಳೆ ಶಾಕನ್ನೇ ಉಳಿಸಿಕೊಂಡು 40 ಮಿಲಿಮೀಟರ್ ಎತ್ತರದ ಸ್ಪ್ರಿಂಗ್ ಹಾಕಿದಿರಿ ಅಂತಿಟ್ಟುಕೊಳ್ಳಿ. ಗಾಡಿ ನಿಂತಲ್ಲೇ ರಾಡ್ 40 ಮಿಲಿಮೀಟರ್ ಹೊರಗೆ ಬಂದು ಕೂತಿದೆ. ಗುಂಡಿ ಬಂದಾಗ ಚಕ್ರ ಇಳಿಯೋಕೆ ಅಷ್ಟು ಜಾಗ ಕಮ್ಮಿಯಾಯಿತು. ರಾಡ್ ತುದಿಗೆ ಬಂದು ಟಕ್ ಅನ್ನುತ್ತದೆ, ಚಕ್ರ ಗಾಳಿಯಲ್ಲಿ ನೇತಾಡುತ್ತದೆ. ಎಂಜಿನ್ನಿನ ಬಲವನ್ನು ಎರಡು ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್ ನಮ್ಮ ಸಾಮಾನ್ಯ ಕಾರುಗಳಲ್ಲಿ ಹೇಗಿದೆ ಅಂದರೆ, ಒಂದು ಚಕ್ರ ನೆಲ ಬಿಟ್ಟರೆ ಅದು ಮಾತ್ರ ಗಿರಗಿರ ತಿರುಗುತ್ತದೆ, ನೆಲ ಹಿಡಿದಿರುವ ಚಕ್ರ ಸುಮ್ನೆ ನಿಂತುಬಿಡುತ್ತದೆ. ಎತ್ತರ ಮಾಡಿದ ಮೇಲೂ ಗಾಡಿ ಸಿಕ್ಕಿಕೊಳ್ಳುವುದು ಹೀಗೆ.

ಮುಂದೆ ಸ್ಪ್ರಿಂಗ್ ಶಾಕ್ ಸೇರಿ ಒಂದೇ ಕಂಬದಂತೆ ಇರುವ ಸ್ಟ್ರಟ್ ಮೇಲೆ ಸ್ಪೇಸರ್ ಅನ್ನೋ ದಪ್ಪ ಬಿಲ್ಲೆ ಕೂರಿಸುವ ದಾರಿ ಬೇರೆ. ಇಲ್ಲಿ ಶಾಕ್ ಸ್ಪ್ರಿಂಗ್ ಎರಡೂ ಹಾಗೇ ಇರುತ್ತವೆ, ಇಡೀ ಸ್ಟ್ರಟ್ ಅಷ್ಟು ಕೆಳಗೆ ಸರಿಯುತ್ತದೆ. ಚಕ್ರ ಇಳಿಯುವ ಜಾಗ ಉಳಿಯುತ್ತದೆ. ಆದರೆ ಪೂರ್ತಿ ಇಳಿದಾಗ ಚಕ್ರ ಮೊದಲಿಗಿಂತ ಕೆಳಗೆ ಹೋಗುವುದರಿಂದ ಆಕ್ಸಲ್ ಜಾಯಿಂಟ್ ಜಾಸ್ತಿ ಮಡಚಿಕೊಳ್ಳುತ್ತದೆ, ಬ್ರೇಕ್ ಹೋಸ್ ಬಿಗಿಯಾಗುತ್ತದೆ, ಲೋವರ್ ಆರ್ಮ್‌ನ ಬಾಲ್ ಜಾಯಿಂಟ್ ತನ್ನ ಕೊನೆ ಮುಟ್ಟುತ್ತದೆ. ಹಾಗಾಗಿ ಇಂಥ ಕಾರಿಗೆ 20ರಿಂದ 25 ಮಿಲಿಮೀಟರ್, ತೀರಾ ಅಂದರೆ 30. ಅದಕ್ಕಿಂತ ಮೇಲೆ ಹೋಗಬೇಡಿ ಅಂತ ಗಟ್ಟಿಯಾಗಿಯೇ ಹೇಳುತ್ತೇನೆ.

ಮೂರನೆಯದು ಸ್ಪ್ರಿಂಗ್ ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್. ಇದನ್ನು ಹಾಕಿಸಬೇಡಿ. ಎರಡು ಸುತ್ತು ಅಲ್ಲಾಡದಂತೆ ಕಟ್ಟಿಹಾಕಿದರೆ ಉಳಿದ ಸುತ್ತುಗಳ ಮೇಲೆ ಅಷ್ಟೂ ಭಾರ ಬೀಳುತ್ತದೆ, ಗಾಡಿ ಕಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ, ಕೆಸರು ಸೇರಿ ಬಣ್ಣ ಉಜ್ಜಿ ತುಕ್ಕು ಹಿಡಿದು ಸ್ಪ್ರಿಂಗ್ ಮುರಿಯಲೂಬಹುದು. ನಾನು ಮೊದಲು ಹಾಕಿಸಿದ್ದು ಇದನ್ನೇ. ಮುಂದೆ ಗಾಡಿ ಎದ್ದು ನಿಂತದ್ದು ನೋಡಿ ಖುಷಿಪಟ್ಟೆ. ಎರಡನೇ ವಾರ ಮನೆ ದಾರಿಯ ತಿರುವಿನಲ್ಲಿ ಎಡ ಚಕ್ರ ಗುಂಡಿಯ ಮೇಲೆ ನೇತಾಡಿ ಗಾಡಿ ನಿಂತುಹೋಯಿತು. ಅದೇ ತಿರುವನ್ನು ಅದಕ್ಕೂ ಮುಂಚೆ ವರ್ಷಗಟ್ಟಲೆ ದಾಟಿದ್ದೆ.

ಟೈರು ಮೊದಲು

ಸಸ್ಪೆನ್ಷನ್ ಮುಟ್ಟದೆ ಸಿಗುವ ಎತ್ತರ ಟೈರಿನದ್ದು. ಲೆಕ್ಕ ಸುಲಭ. 185/65 ಆರ್15 ಅಂದರೆ 185 ಮಿಲಿಮೀಟರ್ ಅಗಲ, ಅದರ ಶೇಕಡಾ 65ರಷ್ಟು ಪಕ್ಕದ ಗೋಡೆ, ಅಂದರೆ ಸುಮಾರು 120. ಎರಡು ಗೋಡೆ ಮತ್ತು 15 ಇಂಚಿನ ರಿಮ್ಮು ಸೇರಿ ಒಟ್ಟು 621 ಮಿಲಿಮೀಟರ್ ಚಿಲ್ಲರೆ. 185/70 ಆರ್15 ಹಾಕಿದರೆ 640. ಚಕ್ರ 18 ಮಿಲಿಮೀಟರ್ ದೊಡ್ಡದಾಯಿತು, ಆದರೆ ಗಾಡಿ ಏಳುವುದು ಅದರ ಅರ್ಧ, 9 ಮಿಲಿಮೀಟರ್. ವೇಗದ ಮೀಟರ್ ಶೇಕಡಾ 3ರಷ್ಟು ಕಮ್ಮಿ ತೋರಿಸುತ್ತದೆ. ಒಳಗಿನ ಲೈನರ್‌ಗೆ, ಸ್ಟ್ರಟ್‌ನ ಸ್ಪ್ರಿಂಗ್ ತಟ್ಟೆಗೆ ಉಜ್ಜುತ್ತದೆಯಾ ಅಂತ ಸ್ಟೀರಿಂಗ್ ಪೂರ್ತಿ ತಿರುಗಿಸಿ ನೋಡಬೇಕು.

9 ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಆದರೆ ಎತ್ತರದ ಗೋಡೆಯ ಟೈರು ಕಲ್ಲಿನ ಪೆಟ್ಟನ್ನು ತಾನೇ ನುಂಗುತ್ತದೆ, ರಿಮ್ಮು ಬಾಗುವುದು ತಪ್ಪುತ್ತದೆ. ಸ್ವಿಫ್ಟ್‌ನ ಕೆಳಗಿನ ಮಾಡೆಲ್‌ಗಳಿಗೆ ಬರುವ 165/80 ಆರ್14 ಟೈರಿನ ಗೋಡೆ 132 ಮಿಲಿಮೀಟರ್ ಇದೆ, ಒಟ್ಟು ಎತ್ತರ ಹೆಚ್ಚು ಕಮ್ಮಿ ಅಷ್ಟೇ. ಕಲ್ಲು ದಾರಿಗೆ ಹೊಳೆಯುವ ದೊಡ್ಡ ಅಲಾಯ್‌ಗಿಂತ ಅದೇ ಒಳ್ಳೆಯದು.

ಕೆಲಸದ ದಿನ

ಸಮತಟ್ಟಾದ ಸಿಮೆಂಟ್ ನೆಲ ಬೇಕು. ಗಾಡಿ ಸ್ಟ್ಯಾಂಡ್ ಮೇಲೆ ಕೂರಬೇಕು, ಬರೀ ಜಾಕ್ ನಂಬಿ ಯಾರೂ ಕೆಳಗೆ ಕೈ ಹಾಕಬಾರದು. ಸ್ಟ್ರಟ್ ಒಳಗಿನ ಸ್ಪ್ರಿಂಗ್ ಅದುಮಿಟ್ಟ ಸ್ಥಿತಿಯಲ್ಲಿ ಇರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಸ್ಟ್ರಟ್ ರಾಡಿನ ತುದಿಯ ನಟ್ ಬಿಚ್ಚಿದರೆ ಅದು ಸಿಡಿದು ಪ್ರಾಣಕ್ಕೇ ಬರುತ್ತದೆ. ಮೇಲೆ ಸ್ಟ್ರಟ್ ಹೇಗೆ ಕೂತಿದೆ ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ, ಆದ್ದರಿಂದ ಮುಂದಿನ ಕೆಲಸ ಗ್ಯಾರೇಜಿನವರೇ ಮಾಡಲಿ. ನೀವು ಪಕ್ಕದಲ್ಲಿ ನಿಂತು ನೋಡಿ.

ಚಕ್ರ ಬಿಚ್ಚಿ, ಬ್ರೇಕ್ ಹೋಸ್ ಹಿಡಿದಿರುವ ಕ್ಲಿಪ್ಪು, ಎಬಿಎಸ್ ವೈರು, ಲಿಂಕ್ ರಾಡ್ ಬಿಡಿಸಿಕೊಳ್ಳಬೇಕು. ಸ್ಟ್ರಟ್ ಮತ್ತು ನಕಲ್ (ಚಕ್ರ ಕೂರುವ ಗಟ್ಟಿ ಭಾಗ, ಇಂಗ್ಲಿಷಿನ knuckle) ಸೇರುವ ಎರಡು ಬೋಲ್ಟ್ ತೆಗೆಯುವ ಮುಂಚೆ ಅವು ಕೂತ ಜಾಗಕ್ಕೆ ಬಣ್ಣದಲ್ಲಿ ಗುರುತು ಹಾಕಿಸಿ. ನಕಲ್ ಹೊರಗೆ ವಾಲದಂತೆ ತಂತಿಯಲ್ಲಿ ಕಟ್ಟಿಡಬೇಕು, ಇಲ್ಲದಿದ್ದರೆ ಹೋಸಿನ ಮೇಲೆ ಭಾರ ಬೀಳುತ್ತದೆ, ಆಕ್ಸಲ್ ಒಳಗಿನ ಜಾಯಿಂಟ್ ಕಳಚುತ್ತದೆ. ನಿಮ್ಮ ಮಾಡೆಲ್‌ಗೇ ಮಾಡಿದ ಅಲ್ಯೂಮಿನಿಯಂ ಅಥವಾ ಗಟ್ಟಿ ಪಾಲಿಯುರೆಥೇನ್ ಸ್ಪೇಸರ್ ತನ್ನಿ, ಲೇತಿನಲ್ಲಿ ಅಂದಾಜಿಗೆ ಕಡೆಸಿದ್ದು ಬೇಡ.

ಹಿಂದೆ ಕೆಲಸ ಸಲೀಸು. ಇಂಥ ಕಾರುಗಳಲ್ಲಿ ಹಿಂದೆ ಟಾರ್ಷನ್ ಬೀಮ್ ಇರುತ್ತದೆ, ಸ್ಪ್ರಿಂಗ್ ಬೇರೆ ಶಾಕ್ ಬೇರೆ. ಶಾಕಿನ ಕೆಳಗಿನ ಬೋಲ್ಟ್ ಬಿಚ್ಚಿ ಬೀಮ್ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ. ಅದರ ಮೇಲಿನ ರಬ್ಬರ್ ಜಾಗದಲ್ಲಿ ಸ್ಪೇಸರ್ ಇಟ್ಟರೆ ಆಯಿತು. ಸ್ಪ್ರಿಂಗ್ ಚಕ್ರದ ನಡುಮಧ್ಯಕ್ಕಿಂತ ಮುಂದೆ ಇರುವುದರಿಂದ 20 ಮಿಲಿಮೀಟರ್ ಸ್ಪೇಸರ್‌ಗೆ ಚಕ್ರದ ಹತ್ತಿರ ಎತ್ತರ ಸ್ವಲ್ಪ ಜಾಸ್ತಿಯೇ ಬರುತ್ತದೆ. ಆದರೆ ಇದು ಉದ್ದ ಸ್ಪ್ರಿಂಗ್ ಹಾಕಿದ ಹಾಗೇ ಲೆಕ್ಕ, ಹಿಂದಿನ ಚಕ್ರದ ಇಳಿತ ಅಷ್ಟು ಕಮ್ಮಿಯಾಗುತ್ತದೆ. ಹಾಗಾಗಿ ಅಳತೆ ಸಣ್ಣದಿರಲಿ, ಅಥವಾ ಶಾಕಿನ ಕೆಳಗೆ ಅಷ್ಟೇ ಉದ್ದದ ಬ್ರಾಕೆಟ್ ಬರುವ ಕಿಟ್ ಹುಡುಕಿ.

ಇನ್ನೊಂದು ಮಾತು, ಇದನ್ನು ಬಹಳ ಕಡೆ ಮಾಡುವುದೇ ಇಲ್ಲ. ಲೋವರ್ ಆರ್ಮ್ ಮತ್ತು ಬೀಮ್ ಬುಷ್‌ಗಳ ಬೋಲ್ಟನ್ನು ಒಮ್ಮೆ ಸಡಿಲಿಸಿ, ಚಕ್ರ ನೆಲದ ಮೇಲೆ ನಿಂತು ಗಾಡಿಯ ಪೂರ್ತಿ ಭಾರ ಬಿದ್ದ ಮೇಲೆ ಬಿಗಿ ಮಾಡಬೇಕು. ಬುಷ್ ಅಂದರೆ ಒಳಗೆ ಕೊಳವೆ, ಹೊರಗೆ ಕೊಳವೆ, ನಡುವೆ ಅಂಟಿಕೊಂಡ ರಬ್ಬರ್. ಹಳೆ ಎತ್ತರಕ್ಕೇ ಬಿಗಿಯಾಗಿ ಉಳಿದರೆ, ಅಥವಾ ಚಕ್ರ ನೇತಾಡುವಾಗ ಬಿಗಿದರೆ, ಗಾಡಿ ನಿಂತಾಗಲೂ ಆ ರಬ್ಬರ್ ಹಿಂಡಿಕೊಂಡೇ ಇರುತ್ತದೆ. ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಮೊದಲೇ ಕೇಳಿ, ಆಗಲ್ಲ ಅಂದರೆ ಬೇರೆ ಗ್ಯಾರೇಜ್ ನೋಡಿ.

ಗಾಡಿ ಕೆಳಗಿಳಿಸುವ ಮುಂಚೆ ಚಕ್ರ ನೇತಾಡುತ್ತಿರುವಾಗಲೇ ಸ್ಟೀರಿಂಗ್ ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸಿ. ಬ್ರೇಕ್ ಹೋಸಿನಲ್ಲಿ ಸ್ವಲ್ಪ ಸಡಿಲ ಉಳಿದಿರಲೇಬೇಕು. ಆಕ್ಸಲ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಬಾರದು. ಎಬಿಎಸ್ ಇಲ್ಲದ ಕೆಲವು ಹಳೆ ಗಾಡಿಗಳಲ್ಲಿ ಹಿಂದಿನ ಬ್ರೇಕಿನ ಒತ್ತಡವನ್ನು ಭಾರ ನೋಡಿಕೊಂಡು ಹೆಚ್ಚು ಕಮ್ಮಿ ಮಾಡುವ ವಾಲ್ವ್ ಇರುತ್ತದೆ, ಬೀಮ್‌ಗೆ ಒಂದು ಸಣ್ಣ ಸ್ಪ್ರಿಂಗ್‌ನಿಂದ ಕಟ್ಟಿರುತ್ತದೆ. ಗಾಡಿ ಎದ್ದ ಕೂಡಲೇ ಅದು ಗಾಡಿ ಖಾಲಿ ಅಂದುಕೊಂಡು ಹಿಂದಿನ ಬ್ರೇಕ್ ಕಮ್ಮಿ ಮಾಡುತ್ತದೆ. ಅದನ್ನು ಹೊಂದಿಸದೆ ಘಾಟಿ ಇಳಿಯಬೇಡಿ.

ಅಲ್ಲಿಂದ ನೇರ ಅಲೈನ್‌ಮೆಂಟ್‌ಗೆ. ಎತ್ತರ ಬದಲಾದರೆ ಮುಂದಿನ ಚಕ್ರದ ಟೋ (ಮೇಲಿಂದ ನೋಡಿದಾಗ ಚಕ್ರದ ಓರೆ) ಮತ್ತು ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ವಾಲು) ಎರಡೂ ಬದಲಾಗುತ್ತವೆ, ಬಿಟ್ಟರೆ ಟೈರು ಒಂದೇ ಕಡೆ ಸವೆಯುತ್ತದೆ. ಹೆಡ್‌ಲೈಟ್ ಇಳಿಸಿಕೊಳ್ಳಿ, ಎದುರು ಬರುವವರ ಕಣ್ಣಿಗೆ ಹೊಡೆಯಬಾರದು.

ಜಿಮ್ನಿ, ಥಾರ್ ಇರುವವರಿಗೆ

ಇವುಗಳ ಲೆಕ್ಕ ಬೇರೆ. 2023ರಲ್ಲಿ ಇಲ್ಲಿಗೆ ಬಂದ ಜಿಮ್ನಿಗೆ 210 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ ಇದೆ, ಹಿಂದೆ ಮುಂದೆ ಎರಡೂ ಕಡೆ ರಿಜಿಡ್ ಆಕ್ಸಲ್, ಅಂದರೆ ಎರಡು ಚಕ್ರವನ್ನು ಸೇರಿಸುವ ಒಂದೇ ಗಟ್ಟಿ ಆಕ್ಸಲ್. ಸ್ಪ್ರಿಂಗ್ ಬದಲಿಸಿದರೆ ಬಾಡಿ ಏಳುತ್ತದೆ, ಆಕ್ಸಲ್ ನಡುವೆ ನೇತಾಡುವ ಡಿಫರೆನ್ಷಿಯಲ್ ಒಂದು ಕೂದಲೂ ಏಳಲ್ಲ. ಅದನ್ನು ಎತ್ತುವುದು ಟೈರು ಮಾತ್ರ. ಆಕ್ಸಲನ್ನು ಅಡ್ಡಕ್ಕೆ ಹಿಡಿದಿರುವ ಪ್ಯಾನ್‌ಹಾರ್ಡ್ ರಾಡಿನಿಂದಾಗಿ ಎತ್ತರಿಸಿದಾಗ ಆಕ್ಸಲ್ ಪಕ್ಕಕ್ಕೆ ಸರಿಯುತ್ತದೆ, ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷದ ಹಿಂದಕ್ಕಿನ ವಾಲು) ಕಮ್ಮಿಯಾಗಿ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ನಿಧಾನವಾಗುತ್ತದೆ. 2 ಇಂಚು ಎತ್ತುವವರು ಹೊಂದಿಸಬಹುದಾದ ರಾಡ್, ಕ್ಯಾಸ್ಟರ್ ಬುಷ್, ಉದ್ದ ಶಾಕ್ ಎಲ್ಲ ಒಟ್ಟಿಗೇ ಹಾಕಬೇಕು. 2020ರ ನಂತರದ ಥಾರ್‌ಗೆ ಮುಂದೆ ಡಬಲ್ ವಿಶ್‌ಬೋನ್, ಅಂದರೆ ಚಕ್ರವನ್ನು ಹಿಡಿಯುವ ತೋಳು ಮೇಲೊಂದು ಕೆಳಗೊಂದು. ಅಲ್ಲಿ ಮೇಲೆ ಇಟ್ಟ ಸ್ಪೇಸರ್‌ಗಿಂತ ಚಕ್ರದ ಹತ್ತಿರ ಬರುವ ಎತ್ತರ ಬಹಳ ಜಾಸ್ತಿ, ಗೊತ್ತಿಲ್ಲದೆ ದಪ್ಪದ್ದು ಹಾಕಿದರೆ ಆಕ್ಸಲ್ ಹೋಯಿತು.

ಕಾನೂನು

ಇದನ್ನು ಮುಚ್ಚಿಡಬಾರದು. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡೂ ಆಗಬಹುದು. ಆದ್ದರಿಂದ ಕೈ ಹಾಕುವ ಮುಂಚೆ ಆರ್‌ಟಿಒದಲ್ಲಿ ಕೇಳಿ, ಇನ್ಶೂರೆನ್ಸ್ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಕುಸಿದ ಸ್ಪ್ರಿಂಗ್ ತೆಗೆದು ಕಂಪನಿಯದ್ದೇ ಹೊಸದು ಹಾಕುವುದಕ್ಕೆ ಈ ತಲೆನೋವು ಯಾವುದೂ ಇಲ್ಲ. ಅದನ್ನೇ ಮೊದಲು ಮಾಡಿ ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ದಾರಿಗೆ ಇಳಿದ ಮೇಲೆ

ಸಂಪ್ ಗಾರ್ಡ್ ಹಾಕಿಸಿ, ಆಯಿಲ್ ಬಿಡುವ ಬೋಲ್ಟಿನ ಹತ್ತಿರ ತೂತು ಇರಲಿ. ದಪ್ಪ ಕಬ್ಬಿಣದ್ದು ಹಾಕಿದರೆ ಆ ಭಾರಕ್ಕೇ ಮುಂದೆ ಗಾಡಿ ತಗ್ಗುತ್ತದೆ, ಅಲ್ಯೂಮಿನಿಯಂ ಹಗುರ. ಗಾಡಿ ಎತ್ತರವಾದಷ್ಟೂ ತಿರುವಿನಲ್ಲಿ ವಾಲುವುದು ಜಾಸ್ತಿ, ಶಿರಾಡಿಯಲ್ಲಿ ಮೊದಲಿನ ವೇಗ ಬೇಡ.

ಜಾಡು ಆಳ ಇದ್ದರೆ ಅದರೊಳಗೆ ಇಳಿಯಬೇಡಿ. ಒಂದು ಬದಿಯ ಚಕ್ರ ನಡುವಿನ ದಿಬ್ಬದ ಮೇಲೆ, ಇನ್ನೊಂದು ಬದಿಯದ್ದು ಜಾಡಿನ ಹೊರಗಿನ ಅಂಚಿನ ಮೇಲೆ ಇಟ್ಟು ನಿಧಾನಕ್ಕೆ ಹೋಗಿ. ಕೆಸರು ಇದ್ದರೆ ಟೈರಿನ ಗಾಳಿಯನ್ನು 24 ಪಿಎಸ್‌ಐ ತನಕ ಇಳಿಸಬಹುದು, ಹಿಡಿತ ಬಹಳ ಸುಧಾರಿಸುತ್ತದೆ. ಆದರೆ ತೀರಾ ಕಮ್ಮಿ ಮಾಡಿದರೆ ಟೈರು ರಿಮ್ಮಿನಿಂದ ಕಳಚುತ್ತದೆ. ಡಾಂಬರು ಸಿಕ್ಕ ಕೂಡಲೇ ಗಾಳಿ ವಾಪಸ್ ತುಂಬಬೇಕು, ಹಾಗಾಗಿ 12 ವೋಲ್ಟಿನ ಪುಟ್ಟ ಪಂಪ್ ಡಿಕ್ಕಿಯಲ್ಲಿ ಇರಲಿ.

500 ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟ್ ಮತ್ತೆ ಟಾರ್ಕ್ ರೆಂಚಿನಲ್ಲಿ ನೋಡಿಸಿ. ಮೊದಲು ಬರೆದಿಟ್ಟ ನಾಲ್ಕೂ ಕಡೆಯ ಅಳತೆಗಳ ಪಕ್ಕದಲ್ಲಿ ಹೊಸ ಅಳತೆ ಬರೆಯಿರಿ, ಮನೆಯವರನ್ನು ಕೂರಿಸಿಕೊಂಡು ಸುಣ್ಣ ಬಳಿದು ಅದೇ ದಾರಿಯಲ್ಲಿ ಇನ್ನೊಮ್ಮೆ ಹೋಗಿ ಬನ್ನಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಅಂದರೆ ಆಕ್ಸಲ್ ಜಾಯಿಂಟ್, ಗುಂಡಿಗೆ ಇಳಿದಾಗ ಟಕ್ ಅಂದರೆ ಶಾಕ್ ತುದಿ ಮುಟ್ಟುತ್ತಿದೆ. ಎರಡರಲ್ಲಿ ಯಾವುದು ಕೇಳಿದರೂ ಸ್ಪೇಸರ್ ತೆಗೆಸಿ ತೆಳ್ಳನೆಯದ್ದು ಹಾಕಿಸಿ.