ಡಮಾಸ್ಕಸ್ ಚಾಕು ಕೊಳ್ಳುವಾಗ ಬೆನ್ನು ನೋಡಿ, ಬಾಯಿ ನೋಡಿ

ಡಮಾಸ್ಕಸ್ ಚಾಕು ಅಂದ ಕೂಡಲೇ ಎಲ್ಲರ ಕಣ್ಣು ಅಲಗಿನ ಮೇಲಿನ ಅಲೆಅಲೆ ಗೆರೆಗಳ ಮೇಲೆ ಬೀಳುತ್ತದೆ. ಮೋಸ ಹೋಗುವುದೂ ಅಲ್ಲೇ. ಗೆರೆ ಅಸಲಿಯೋ ನಕಲಿಯೋ ಅನ್ನುವುದು ಒಂದು ಪ್ರಶ್ನೆ. ಚಾಕು ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಬೇರೆಯೇ ಪ್ರಶ್ನೆ. ಗೆರೆ ನೂರಕ್ಕೆ ನೂರು ಅಸಲಿಯಾಗಿದ್ದೂ ಒಂದು ಟೊಮೆಟೊ ಕೊಯ್ಯಲು ಒದ್ದಾಡುವ ಚಾಕುಗಳು ಬೇಕಾದಷ್ಟಿವೆ.

ಹಳೇ ಕಾಲದ ಡಮಾಸ್ಕಸ್ ಕತ್ತಿಯ ಉಕ್ಕನ್ನು ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದರು, ಗೆರೆ ಆ ಉಕ್ಕಿನೊಳಗಿಂದಲೇ ಮೂಡುತ್ತಿತ್ತು. ಈಗ ಮಾರಾಟಕ್ಕಿರುವುದು ಸಾಮಾನ್ಯವಾಗಿ ಅದಲ್ಲ. 1973ರಲ್ಲಿ ಅಮೆರಿಕದ ಚಾಕು ತಯಾರಕ ಬಿಲ್ ಮೊರಾನ್ ಪದರದ ಉಕ್ಕಿನ ಚಾಕುಗಳನ್ನು ಪ್ರದರ್ಶನಕ್ಕಿಟ್ಟ ಮೇಲೆ ಈ ಕೆಲಸಕ್ಕೆ ಮತ್ತೆ ಜೀವ ಬಂತು. ಎರಡು ಬಗೆಯ ಉಕ್ಕನ್ನು ಒಂದರ ಮೇಲೊಂದು ಪೇರಿಸಿ, ಕುಲುಮೆಯಲ್ಲಿ ಕಾಯಿಸಿ, ಬಡಿದು ಬೆಸೆಯುತ್ತಾರೆ. ಜಾಸ್ತಿ ಬಳಕೆಯಲ್ಲಿರುವ ಜೋಡಿ 1095 ಮತ್ತು 15ಎನ್20 ಅನ್ನುವ ಉಕ್ಕುಗಳು. ಎರಡನೆಯದರಲ್ಲಿ ಸುಮಾರು 2% ನಿಕ್ಕಲ್ ಇರುವುದರಿಂದ ಆಸಿಡ್‌ನಲ್ಲಿ ಅದ್ದಿದಾಗ ಅದು ಬೆಳ್ಳಗೆ ಉಳಿಯುತ್ತದೆ, 1095 ಕಪ್ಪಾಗುತ್ತದೆ. ಗೆರೆಯ ಗುಟ್ಟು ಇಷ್ಟೇ. ಯಾರಾದರೂ ‘ಪುರಾತನ ರಹಸ್ಯ ವಿದ್ಯೆ’ ಅಂತ ಶುರು ಮಾಡಿದರೆ ಸುಮ್ನೆ ಮುಂದೆ ಹೋಗಿ.

ನಕಲಿ ಅಂದರೆ ಮಾಮೂಲಿ ಉಕ್ಕಿನ ಮೇಲೆ ಲೇಸರ್‌ನಿಂದಲೋ ಆಸಿಡ್‌ನಿಂದಲೋ ಬರೆದ ಚಿತ್ರ. ಚಾಕುವನ್ನು ತಿರುಗಿಸಿ ಬೆನ್ನು, ಅಂದರೆ ಹರಿತವಿಲ್ಲದ ದಪ್ಪ ಅಂಚು, ನೋಡಿ. ಅಸಲಿಯಾದರೆ ಪಕ್ಕದ ಗೆರೆಗಳು ಬೆನ್ನಿನಲ್ಲೂ ಇರುತ್ತವೆ, ಪ್ಲೈವುಡ್ ಹಲಗೆಯ ಅಂಚಿನ ಹಾಗೆ ಪದರ ಪದರವಾಗಿ ಕಾಣುತ್ತವೆ. ಬೆನ್ನು ಬೋಳಾಗಿ ಹೊಳೆಯುತ್ತಿದ್ದರೆ ಅನುಮಾನ ಪಡಿ, ಆದರೆ ತೀರ್ಪು ಕೊಡಬೇಡಿ, ಯಾಕೆಂದರೆ ಕೆಲವರು ಬೆನ್ನನ್ನು ಪಾಲಿಶ್ ಮಾಡಿರುತ್ತಾರೆ. ಒಂದೇ ಚಿತ್ತಾರ ಅಳತೆ ಹಿಡಿದ ಹಾಗೆ ಮತ್ತೆ ಮತ್ತೆ ಬಂದರೆ, ಎರಡು ಚಾಕುಗಳ ಗೆರೆ ಒಂಚೂರೂ ಬದಲಾಗದೆ ಒಂದೇ ಥರ ಇದ್ದರೆ, ಅದು ಅಚ್ಚು.

ಇನ್ನೂ ಅನುಮಾನವೇ? ಚಾಕು ನಿಮ್ಮದೇ ಆಗಿದ್ದರೆ, ಹಿಡಿಯ ಹತ್ತಿರ ಒಂದು ಚಿಕ್ಕ ಜಾಗವನ್ನು ನಯವಾದ ಸ್ಯಾಂಡ್ ಪೇಪರ್‌ನಿಂದ ಉಜ್ಜಿ. ಗೆರೆ ಮಾಯವಾಗುತ್ತದೆ. ಇಲ್ಲೇ ಎಷ್ಟೋ ಜನ ‘ಅಯ್ಯೋ ನಕಲಿ’ ಅಂತ ಕೂಗಿಬಿಡುತ್ತಾರೆ. ತಡೆಯಿರಿ, ಅಸಲಿಯದೂ ಮಾಯವಾಗುತ್ತದೆ! ಕೈಗವಸು ಹಾಕಿಕೊಂಡು, ನೀರು ಬೆರೆಸಿದ ಫೆರಿಕ್ ಕ್ಲೋರೈಡ್ (ಉಕ್ಕನ್ನು ತಿನ್ನುವ ರಾಸಾಯನಿಕ) ಅನ್ನು ಆ ಜಾಗಕ್ಕೆ ಹಚ್ಚಿ ಕೆಲವು ನಿಮಿಷ ಬಿಡಿ. ಅದೇ ಗೆರೆ ಅದೇ ಜಾಗದಲ್ಲಿ ಮತ್ತೆ ಎದ್ದರೆ ಅಸಲಿ. ಬರೀ ಬೂದುಬಣ್ಣ ಬಂದರೆ ಚಿತ್ರ. ಆಮೇಲೆ ಅಡಿಗೆ ಸೋಡಾ ಕದಡಿದ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿ.

ಇನ್ನು ಗುಣಮಟ್ಟ. ಕತ್ತರಿಸುವುದು ಗೆರೆಯಲ್ಲ, ಬಾಯಿ. ಅಡುಗೆಮನೆಯ ಚಾಕುಗಳಲ್ಲಿ ಎಷ್ಟೋ ಸಲ ನಡುವೆ ವಿಜಿ-10ನಂಥ ಒಂದೇ ಉಕ್ಕು ಇರುತ್ತದೆ, ಡಮಾಸ್ಕಸ್ ಎರಡೂ ಪಕ್ಕದ ಹೊದಿಕೆ ಮಾತ್ರ. 67 ಪದರ ಅಂದರೆ ಸಾಮಾನ್ಯವಾಗಿ ಆ ಕಡೆ 33, ಈ ಕಡೆ 33, ನಡುವೆ ಒಂದು. ಇದು ಮೋಸವಲ್ಲ, ಒಳ್ಳೇ ವಿಧಾನವೇ. ಹಾಗಾಗಿ ಪದರ ಎಷ್ಟು ಅಂತ ಕೇಳುವ ಬದಲು ಬಾಯಿಯ ಉಕ್ಕು ಯಾವುದು, ಎಷ್ಟು ಗಡಸು ಅಂತ ಕೇಳಿ. ವಿಜಿ-10 ಆದರೆ ಗಡಸುತನ ಅಳೆಯುವ ರಾಕ್‌ವೆಲ್ ಮಾಪನದಲ್ಲಿ 60ರ ಆಸುಪಾಸು ಇರಬೇಕು. ‘ಗಡಸು ಪದರ, ಮೆತ್ತನೆ ಪದರ ಸೇರಿ ಗರಗಸದ ಹಾಗೆ ಕತ್ತರಿಸುತ್ತದೆ’ ಅನ್ನುವ ಮಾತನ್ನು ನಾನಂತೂ ನಂಬುವುದಿಲ್ಲ. ಬೆಸೆಯುವ ಶಾಖದಲ್ಲಿ ಕಾರ್ಬನ್ ಒಂದು ಪದರದಿಂದ ಇನ್ನೊಂದಕ್ಕೆ ಹರಿದು ಹೆಚ್ಚುಕಡಿಮೆ ಸಮನಾಗಿಬಿಡುತ್ತದೆ.

ಬೆಳಕಿನಲ್ಲಿ ಓರೆಯಾಗಿ ಹಿಡಿದು ಬೆಸುಗೆ ನೋಡಿ. ಪದರಗಳ ನಡುವೆ ಉಗುರಿಗೆ ಸಿಗುವ ಸೀಳು ಇದ್ದರೆ ಬೆಸುಗೆ ಕೂತಿಲ್ಲ ಅಂತ ಅರ್ಥ. ಬಾಯಿಯ ಹತ್ತಿರ ಅಂಥದ್ದಿದ್ದರೆ ಬೇಡವೇ ಬೇಡ.

ಹದ, ಅಂದರೆ ಉಕ್ಕನ್ನು ಕಾಯಿಸಿ ತಣಿಸಿ ಕೊಟ್ಟ ಗಡಸುತನ, ಸರಿಯಿದೆಯೇ ಅಂತ ತಿಳಿಯಲು ಒಂದು ಹಿತ್ತಾಳೆ ಸಲಾಕೆ ಸಾಕು. ಬಾಯಿಯನ್ನು ಅದರ ಮೇಲೆ ಸ್ವಲ್ಪ ಓರೆಯಾಗಿಟ್ಟು ಮೆಲ್ಲಗೆ ಒತ್ತಿ. ಅಂಚು ಕೂದಲೆಳೆಯಷ್ಟು ಬಾಗಿ ಒಡನೆ ವಾಪಸು ಬಂದರೆ ಹದ ಚೆನ್ನಾಗಿದೆ. ಬಾಗಿದ್ದು ಬಾಗಿಯೇ ಉಳಿದರೆ ಉಕ್ಕು ಮೆತ್ತಗಿದೆ, ಚೂರು ಕಿತ್ತು ಬಂದರೆ ಪೆಡಸಾಗಿದೆ. ಅಂಗಡಿಯಲ್ಲಿ ಇದನ್ನು ಮಾಡಲು ಬಿಡುವುದಿಲ್ಲ ಅಲ್ವಾ, ಅದಕ್ಕೇ ವಾಪಸು ತೆಗೆದುಕೊಳ್ಳುತ್ತೀರಾ ಅಂತ ಮೊದಲೇ ಕೇಳಿಕೊಳ್ಳಿ.