ಮೀನು ಸಾರಿನ ಲೆಕ್ಕ ಪಾಸ್ತಾಕ್ಕೆ ನಡೆಯಲ್ಲ

ನಮ್ಮ ಕುಂದಾಪುರ ಕಡೆ ಮೀನು ಸಾರು ಮಾಡಿದ ದಿನಕ್ಕಿಂತ ಮರುದಿನವೇ ರುಚಿ. ಅಮ್ಮ ರಾತ್ರಿ ಮಲಗುವ ಮುಂಚೆ ಒಂದು ಸಲ ಕುದಿಸಿ ಇಡುತ್ತಿದ್ದರು, ಬೆಳಗ್ಗೆ ಎದ್ದು ಇನ್ನೊಂದು ಸಲ. ಹುಳಿ, ಉಪ್ಪು, ಖಾರ ಎಲ್ಲ ಗಟ್ಟಿಯಾಗಿ ಹಾಕಿದ ಸಾರು ಅದು. ಈಗ ಅಮ್ಮನ ಮನೆಯಲ್ಲೂ ಅದು ಫ್ರಿಜ್ಜಿಗೇ ಹೋಗುತ್ತೆ, ಆ ಮಾತು ಬೇರೆ. ನಾನು ಬೆಂಗಳೂರಿಗೆ ಬಂದು ಸಿಗಡಿ ಹಾಕಿ ಕ್ರೀಮ್ ಪಾಸ್ತಾ ಮಾಡಲು ಕಲಿತ ಮೇಲೂ ತಲೆಯಲ್ಲಿ ಇದ್ದದ್ದು ಅದೇ ಹಳೇ ಲೆಕ್ಕ. ಉಳಿದರೆ ಏನಂತೆ, ಬೆಳಗ್ಗೆ ಕುದಿಸಿದರೆ ಆಯ್ತು.

ನಾಲ್ಕು ವರ್ಷದ ಹಿಂದೆ, ಏಪ್ರಿಲ್ ತಿಂಗಳು. ನೆಂಟರು ಬಂದಿದ್ದರು. ಅರ್ಧ ಕೆಜಿ ಸಿಗಡಿ, ಸ್ವಲ್ಪ ಬೊಂಡಾಸ್ (ಸ್ಕ್ವಿಡ್), ಒಂದು ಪ್ಯಾಕೆಟ್ ಪೆನ್ನೆ ಪಾಸ್ತಾ, ಎರಡು ಡಬ್ಬಿ ಕ್ರೀಮ್. ಅರ್ಧಕ್ಕರ್ಧ ಉಳಿಯಿತು. ಬಾಣಲೆಗೆ ಮುಚ್ಚಳ ಮುಚ್ಚಿ, ಒಲೆ ಮೇಲೇ ಬಿಟ್ಟು ಮಲಗಿದೆ. ಬೆಳಗ್ಗೆ ಮೂಸಿ ನೋಡಿದೆ, ವಾಸನೆ ಏನೂ ಇಲ್ಲ. ಹಾಲು ಹಾಕಿ ಚೆನ್ನಾಗಿ ಕೊತಕೊತ ಕುದಿಸಿ 9 ಗಂಟೆಗೆ ತಿಂದೆ. 11 ಗಂಟೆ ಹೊತ್ತಿಗೆ ಬಚ್ಚಲಲ್ಲಿ ಕೂತಿದ್ದೆ. ಸಂಜೆವರೆಗೂ ವಾಂತಿ.

ನನಗೆ ಅರ್ಥವಾಗದೆ ಉಳಿದದ್ದು ಒಂದೇ. ಹಳಸಿದ ವಾಸನೆ ಇರಲಿಲ್ಲ, ಕುದಿಸಿಯೂ ಇದ್ದೆ, ಮತ್ತೆ ಯಾಕೆ? ಆಮೇಲೆ ಓದಿ ತಿಳಿದುಕೊಂಡೆ. ಅನ್ನ, ಪಾಸ್ತಾ ಇಂಥವುಗಳಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯದೆ ಉಳಿದಿರುತ್ತವೆ. ಅಡುಗೆ ಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅವು ಮೊಳೆತು, ಹೆಚ್ಚಿ, ವಿಷ ಬಿಡುತ್ತವೆ. ಮರುದಿನ ಕುದಿಸಿದಾಗ ಬ್ಯಾಕ್ಟೀರಿಯಾ ಸಾಯಬಹುದು, ಆದರೆ ವಾಂತಿ ತರಿಸುವ ಆ ವಿಷ ಹಾಗೇ ಇರುತ್ತೆ. ಕುಕ್ಕರ್ ಒಳಗಿನ 120 ಡಿಗ್ರಿ ಬಿಸಿಗೂ ಅದು ಜಗ್ಗಲ್ಲ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರು. ನನ್ನ ಪಾಸ್ತಾವನ್ನು ಯಾರೂ ಲ್ಯಾಬಿಗೆ ಕೊಟ್ಟಿರಲಿಲ್ಲ, ನಿಜ. ಆದರೆ ಆ ವಿವರ ಓದಿದಾಗ ನನ್ನ ಬೆಳಗ್ಗೆಯನ್ನೇ ಯಾರೋ ನೋಡಿ ಬರೆದ ಹಾಗಿತ್ತು. 2008ರಲ್ಲಿ ಬ್ರಸೆಲ್ಸ್‌ನ 20 ವರ್ಷದ ವಿದ್ಯಾರ್ಥಿಯೊಬ್ಬ ಐದು ದಿನ ಹೊರಗೇ ಇಟ್ಟಿದ್ದ ಸ್ಪಗೆಟ್ಟಿಯನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ತಿಂದು ಅದೇ ರಾತ್ರಿ ತೀರಿಕೊಂಡ. ಅದರಲ್ಲಿ ಸಿಗಡಿಯೂ ಇರಲಿಲ್ಲ, ಕ್ರೀಮೂ ಇರಲಿಲ್ಲ. ಬರೀ ಟೊಮೆಟೊ ಸಾಸ್.

ಹಾಗಾಗಿ ಈಗ ನನ್ನ ಕೆಲಸ ಊಟಕ್ಕೆ ಬಡಿಸುವ ಮುಂಚೆಯೇ ಶುರುವಾಗುತ್ತೆ. ಇಷ್ಟು ಉಳಿಯುತ್ತೆ ಅಂತ ಅನ್ನಿಸಿದ್ದನ್ನು ಎಂಜಲಾಗುವ ಮುಂಚೆ ಬೇರೆ ತೆಗೆದುಬಿಡುತ್ತೇನೆ. ಅಜ್ಜಿ ಎಂಜಲು, ಮುಸುರೆ ಅಂತ ಗಲಾಟೆ ಮಾಡುತ್ತಿದ್ದದ್ದಕ್ಕೆ ನಾವೆಲ್ಲ ನಗುತ್ತಿದ್ದೆವು. ಎಲ್ಲರ ಚಮಚ ಬಿದ್ದ ಬಾಣಲೆಯನ್ನು ನಾಳೆಗೆ ಇಡಬಾರದು ಅನ್ನೋ ಮಟ್ಟಿಗೆ ಅಜ್ಜಿ ಸರಿ.

ತೆಗೆದದ್ದನ್ನು ಅಗಲವಾದ ಸ್ಟೀಲ್ ಡಬ್ಬಿಗೆ ಹಾಕುತ್ತೇನೆ, ಎರಡು ಬೆರಳಿಗಿಂತ ಜಾಸ್ತಿ ಆಳ ಬೇಡ. ಆಳವಾದ ಪಾತ್ರೆಯಲ್ಲಿ ಮೇಲೆ ತಣ್ಣಗಿದ್ದರೂ ನಡುವೆ ಎಷ್ಟೋ ಹೊತ್ತು ಬೆಚ್ಚಗೇ ಇರುತ್ತೆ, ಕ್ರೀಮ್ ಸಾಸ್ ದಪ್ಪ ಬೇರೆ, ಬಿಸಿ ಬೇಗ ಬಿಡಲ್ಲ. ಆ ಡಬ್ಬಿಯನ್ನು ಐಸ್ ನೀರು ಹಾಕಿದ ದೊಡ್ಡ ತಟ್ಟೆಯಲ್ಲಿ ಇಟ್ಟು ಆಗಾಗ ಕೈಯಾಡಿಸಿದರೆ ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ ಸೀದಾ ಫ್ರಿಜ್ಜಿಗೆ. ಬಿಸಿ ಪೂರ್ತಿ ಆರುವ ತನಕ ಹೊರಗೇ ಇರಬೇಕು ಅಂತ ಬಹಳ ಜನ ಹೇಳುತ್ತಾರೆ, ಆ ಕಾಯುವಿಕೆಯೇ ತೊಂದರೆ. ಅಡುಗೆ ಮುಗಿದ ಎರಡು ಗಂಟೆಯೊಳಗೆ ಒಳಗೆ ಹೋಗಬೇಕು. ಹೊರಗೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಏಪ್ರಿಲ್‌ನಲ್ಲಿ ಅಡುಗೆಮನೆ 32 ದಾಟೋದು ಏನು ಮಹಾ, ಅಲ್ವಾ?

ಫ್ರಿಜ್ 5 ಡಿಗ್ರಿಗಿಂತ ಕೆಳಗಿರಬೇಕು. ನನ್ನದು ಇದೆ ಅಂದುಕೊಂಡಿದ್ದೆ. ಒಂದು ಸಣ್ಣ ಥರ್ಮಾಮೀಟರ್ ತಂದು ಬಾಗಿಲ ಬದಿಯಲ್ಲಿ ಇಟ್ಟರೆ 9 ತೋರಿಸಿತು! ನಾಬ್ ತಿರುಗಿಸಿ, ಡಬ್ಬಿಯನ್ನು ಒಳಗಡೆ ಹಿಂಬದಿಗೆ ಸರಿಸಿದ ಮೇಲೆ 4ಕ್ಕೆ ಬಂತು. ಬೇಯಿಸಿದ ಸಮುದ್ರದ ಆಹಾರ ಹೀಗೆ ಮೂರು ನಾಲ್ಕು ದಿನ ಇರುತ್ತೆ ಅಂತಾರೆ. ನಾನು ಎರಡನೇ ದಿನಕ್ಕೆ ಮುಗಿಸುತ್ತೇನೆ, ಆಮೇಲೆ ರುಚಿಯೂ ಇರಲ್ಲ. ಕರೆಂಟ್ ನಾಲ್ಕು ಗಂಟೆಗಿಂತ ಜಾಸ್ತಿ ಹೋದರೆ ಮೊದಲು ಕಸಕ್ಕೆ ಹೋಗೋದು ಇದೇ ಡಬ್ಬಿ. ಮೂಸಿ ನೋಡೋದೆಲ್ಲ ಈಗ ಇಲ್ಲ.

ಫ್ರೀಜರ್‌ನಲ್ಲಿ ಒಂದು ಸಲ ಇಟ್ಟೆ. ಕರಗಿಸಿದಾಗ ಸಾಸ್ ಒಡೆದು ನೀರು ಬೇರೆ, ಕಣ ಬೇರೆ. ಆ ಕಥೆ ಅಲ್ಲಿಗೆ ಮುಗೀತು.

ಬಿಸಿ ಮಾಡೋದು ಮಾತ್ರ ನನಗೆ ಇಷ್ಟದ ಕೆಲಸ. ಫ್ರಿಜ್ಜಿಂದ ತೆಗೆದಾಗ ಪಾಸ್ತಾ ಸಾಸನ್ನೆಲ್ಲ ಕುಡಿದು ಒಂದೇ ಮುದ್ದೆ ಆಗಿರುತ್ತೆ, ಮೇಲೆ ಕೊಬ್ಬು ಬಿಳಿಯಾಗಿ ಗಟ್ಟಿಯಾಗಿರುತ್ತೆ. ಮೊದಲು ಸಿಗಡಿ, ಬೊಂಡಾಸ್ ಎಲ್ಲ ಹೆಕ್ಕಿ ಬದಿಗಿಡುತ್ತೇನೆ. ಅವು ಒಮ್ಮೆ ಬೆಂದವು, ಇನ್ನೂ ಹತ್ತು ನಿಮಿಷ ಬಿಸಿ ಕೊಟ್ಟರೆ ಇರೋ ನೀರನ್ನೂ ಬಿಟ್ಟು ಚಪ್ಪಲಿ ಆಗುತ್ತವೆ. ಪಾಸ್ತಾವನ್ನು ಬಾಣಲೆಗೆ ಹಾಕಿ, ಒಬ್ಬರ ಪಾಲಿಗೆ ನಾಲ್ಕು ಚಮಚ ಹಾಲು, ಸಣ್ಣ ಉರಿ, ಮುಚ್ಚಳ. ಎರಡು ನಿಮಿಷಕ್ಕೆ ಮುದ್ದೆ ಸಡಿಲ ಆಗುತ್ತೆ, ಆಗ ಸೌಟಿನ ತುದಿಯಿಂದ ಬಿಡಿಸಬೇಕು, ಕಲಸಬಾರದು. ಹಿಂದಿನ ದಿನ ಪಾಸ್ತಾ ಬೇಯಿಸಿದ ನೀರು ಸ್ವಲ್ಪ ಫ್ರಿಜ್ಜಲ್ಲಿ ಎತ್ತಿಟ್ಟಿದ್ದರೆ ಹಾಲಿನ ಜೊತೆ ಒಂದೆರಡು ಚಮಚ ಹಾಕಿ. ಅದರಲ್ಲಿರೋ ಗಂಜಿಯೇ ಸಾಸ್ ಒಡೆಯದ ಹಾಗೆ ಹಿಡಿದುಕೊಳ್ಳುತ್ತೆ. ನಮ್ಮಲ್ಲಿ ಡಬ್ಬಿಯಲ್ಲಿ ಸಿಗುವ ಫ್ರೆಶ್ ಕ್ರೀಮ್‌ನಲ್ಲಿ ಸಾಮಾನ್ಯವಾಗಿ 25 ಶೇಕಡಾ ಕೊಬ್ಬು, ಜೋರು ಉರಿ ಕೊಟ್ಟರೆ ಬೇಗ ಒಡೆದು ಹಳದಿ ಎಣ್ಣೆ ಬಿಡುತ್ತೆ. ನಿಂಬೆ ರಸ ಈಗಲೇ ಹಾಕಿದರೂ ಅದೇ ಗತಿ, ತಟ್ಟೆಗೆ ಬಂದ ಮೇಲೆ ಹಿಂಡಿ.

ಸಾಸ್ ಎಲ್ಲ ಕಡೆ ಗುಳುಗುಳು ಅಂದ ಮೇಲೆ ಸಿಗಡಿ ವಾಪಸ್. ಮತ್ತೆ ಮುಚ್ಚಳ, ಎರಡು ಮೂರು ನಿಮಿಷ. ಇರೋದರಲ್ಲಿ ದಪ್ಪ ಸಿಗಡಿಯೊಂದನ್ನು ತೆಗೆದು ನಡುವೆ ಥರ್ಮಾಮೀಟರ್ ಚುಚ್ಚುತ್ತೇನೆ, 74 ಡಿಗ್ರಿ ಬರಬೇಕು. ಥರ್ಮಾಮೀಟರ್ ಕೈಗೆ ಬರೋ ಮುಂಚೆ ಸಿಗಡಿ ಕತ್ತರಿಸಿ ಒಳಗಿಂದ ಹಬೆ ಏಳುತ್ತಾ ಅಂತ ನೋಡುತ್ತಿದ್ದೆ. ಒಂದು ಸಲಕ್ಕೆ ತಿನ್ನುವಷ್ಟೇ ಬಿಸಿ ಮಾಡೋದು, ಬಿಸಿ ಮಾಡಿ ಉಳಿದದ್ದು ಮತ್ತೆ ಫ್ರಿಜ್ಜಿಗೆ ಹೋಗಲ್ಲ.

ಮೈಕ್ರೋವೇವ್ ಬಳಸಿದರೆ ಅರ್ಧ ಪವರ್, ಮುಚ್ಚಿ, ನಿಮಿಷಕ್ಕೊಮ್ಮೆ ತಿರುವಿ ಹಾಕಬೇಕು. ಬದಿಯಲ್ಲಿ ಕುದಿಯುತ್ತಿರುತ್ತೆ, ನಡುವೆ ತಣ್ಣಗೆ. ಸಿಗಡಿ ಟಪ್ ಅಂತ ಸಿಡಿಯೋದು ಬೇರೆ.

ಬಂಗುಡೆ ಅಥವಾ ಟ್ಯೂನಾ ಹಾಕಿದ ಪಾಸ್ತಾ ನಾನು ಉಳಿಸೋದೇ ಇಲ್ಲ. ಆ ಮೀನುಗಳು ಬೆಚ್ಚಗೆ ಕೂತರೆ ಅವುಗಳಲ್ಲಿ ಹಿಸ್ಟಮಿನ್ ಅನ್ನೋ ರಾಸಾಯನಿಕ ಹುಟ್ಟುತ್ತೆ, ತಿಂದರೆ ಮುಖ ಕೆಂಪಾಗಿ ತಲೆ ಸಿಡಿಯುತ್ತೆ, ಅದೂ ಬಿಸಿಗೆ ಹೋಗಲ್ಲ.

ಆಫೀಸಿಗೆ ಡಬ್ಬಿ ಒಯ್ಯಬಹುದಾ ಅಂತ ತಂಗಿ ಕೇಳಿದಳು. ಬೆಳಗ್ಗೆ 8ಕ್ಕೆ ಬ್ಯಾಗಿಗೆ ಹಾಕಿ ಮಧ್ಯಾಹ್ನ 1ಕ್ಕೆ ತೆಗೆದರೆ ಐದು ಗಂಟೆ ಆಯ್ತು, ಅಲ್ಲಿ ಫ್ರಿಜ್ ಇದ್ದು ಐಸ್ ಪ್ಯಾಕ್ ಜೊತೆ ಒಯ್ದರೆ ಮಾತ್ರ ಸರಿ ಅಂದೆ. ಒಯ್ದಳು. ಪಾಸ್ತಾ ಚೆನ್ನಾಗೇ ಇತ್ತಂತೆ. ಆದರೆ ಪ್ಯಾಂಟ್ರಿಯ ಮೈಕ್ರೋವೇವ್ ಮೇಲೆ ಮರುದಿನ ಒಂದು ಚೀಟಿ ಅಂಟಿಸಿದ್ದರಂತೆ, ಮೀನು ಬಿಸಿ ಮಾಡಬೇಡಿ ಅಂತ.